ಕಡಲು ದಾಟದ ಮಾಸಾಶನ

‘ಮಾಸಾಶನ’ ಎಂಬ ಮಾತನ್ನು ಬಿಡಿಸಿದರೆ ಮಾಸ, ಅಶನ ಎಂಬ ಎರಡು ಪದಗಳು ಸಿಗುತ್ತವೆ. ಅಶನವೆಂದರೆ ಊಟ, ಅನ್ನ. ತಿಂಗಳ ಅನ್ನಕ್ಕೆಂದು ಕೊಡುವ ಹಣವೇ ಮಾಸಾಶನ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಕಡೆಯ ಹಳ್ಳಿಗಳಲ್ಲಿ ಈ ಮಾತು ಕೇಳುವುದು ಅಪರೂಪ. ಅಂಗವಿಕಲರಿಗೆ ಬರುವುದು, ವಿಧವೆಯರಿಗೆ ಬರುವುದು, ನಿವೃತ್ತ ಮೇಷ್ಟರಿಗೆ ಬರುವುದು, ಸೈನ್ಯದಿಂದ ಮರಳಿದವರಿಗೆ ಬರುವುದು ಎಲ್ಲವೂ ಅಲ್ಲಿಯ ಜನರ ಬಾಯಲ್ಲಿ ‘ಪಿಂಚಣಿ’ಯೇ.

ಹೆಸರು ಒಂದೇ ಆದರೂ ಇವು ಒಂದೇ ಬಗೆಯವಲ್ಲ. ಊರಿನಲ್ಲಿರುವಷ್ಟು ಕಾಲ ಈ ವ್ಯತ್ಯಾಸ ಯಾರಿಗೂ ತೋರುವುದಿಲ್ಲ. ಪಡೆಯುವವರು ಊರು ಬಿಟ್ಟು ಹೊರಟಾಗ ಅದು ಎದ್ದು ಕಾಣುತ್ತದೆ. ಹಳ್ಳಿಯೊಂದರಲ್ಲಿ ಇಬ್ಬರು ನೆರೆಹೊರೆಯವರಿದ್ದಾರೆ ಎನ್ನಿ. ಒಬ್ಬರು ಗಡಿಯಲ್ಲಿ ಕಾಲು ಕಳೆದುಕೊಂಡ ಮಾಜಿ ಸೈನಿಕರು. ಇನ್ನೊಬ್ಬರು ಫ್ಲೋರೈಡ್ ನೀರು ಕುಡಿದು ಬೆನ್ನು ಬಗ್ಗಿದ ಕೂಲಿಕಾರರು. ಇಬ್ಬರ ಮಕ್ಕಳೂ ಹೊರದೇಶದಲ್ಲಿದ್ದು, ತಂದೆಯನ್ನು ತಮ್ಮಲ್ಲಿಗೇ ಕರೆಸಿಕೊಳ್ಳುತ್ತಾರೆ. ಮೊದಲನೆಯವರ ಪಿಂಚಣಿ ಅವರ ಹಿಂದೆಯೇ ಹೋಗುತ್ತದೆ. ಎರಡನೆಯವರ ಮಾಸಾಶನ ಅವರು ಈ ರಾಜ್ಯದ ನಿವಾಸಿಯಾಗಿರುವಷ್ಟು ಕಾಲಕ್ಕೆ ಮಾತ್ರ. ಇಬ್ಬರಿಗೂ ಬಂದಿರುವುದು ಅಂಗವೈಕಲ್ಯದ ಹಣವೇ. ಹಾಗಿದ್ದೂ ಒಂದು ಕಡಲು ದಾಟುತ್ತದೆ, ಇನ್ನೊಂದು ದಾಟುವುದಿಲ್ಲ. ಇದಕ್ಕೆ ಕಾರಣ ತಿಳಿಯಲು ತುಸು ಹಿಂದಕ್ಕೆ ಹೋಗಬೇಕಾಗುತ್ತದೆ.

ನೆತ್ತರಿಗೆ ಕೊಟ್ಟ ನೆಲ

ಈ ನಾಲ್ಕೂ ತಾಲ್ಲೂಕುಗಳು 2007ರವರೆಗೆ ಕೋಲಾರ ಜಿಲ್ಲೆಗೆ ಸೇರಿದ್ದವು. ಬಿ.ಎಲ್. ರೈಸ್ ಅವರು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹತ್ತನೆಯ ಸಂಪುಟದಲ್ಲಿ ಆ ಜಿಲ್ಲೆಯ ಶಾಸನಗಳನ್ನು ಸಂಗ್ರಹಿಸಿ ಪ್ರಕಟಿಸಿದರು. ಅದರಲ್ಲಿ ವೀರಗಲ್ಲುಗಳ ಶಾಸನಗಳಿಗೆ ಕೊರತೆಯಿಲ್ಲ. ತುರುಗಳನ್ನು ಬಿಡಿಸಲು ಹೋಗಿ, ಊರ ಮೇಲೆ ಬಿದ್ದವರನ್ನು ಎದುರಿಸಿ, ಒಡೆಯನ ಪರವಾಗಿ ಕಾದಾಡಿ ಸತ್ತವರ ನೆನಪಿನ ಕಲ್ಲುಗಳು ಇವು.

ಹೀಗೆ ಕಾದಿದವರಿಗೂ ಸತ್ತವರ ಮನೆಯವರಿಗೂ ಜಮೀನು ಕೊಡುವ ಪದ್ಧತಿಗೆ ಹಳಗನ್ನಡ ಶಾಸನಗಳಲ್ಲಿ ಹಲವು ಹೆಸರುಗಳಿವೆ. ಪರಾಕ್ರಮ ತೋರಿದವನ ಕತ್ತಿ ತೊಳೆದು ಕೊಡುವ ಕೊಡುಗೆ ‘ಬಾಳ್ಗಳ್ಚು’. ಗಂಗರ ಕಾಲದ ಶಾಸನಗಳಲ್ಲಿ ಈ ಪದ ಮತ್ತೆ ಮತ್ತೆ ಬರುತ್ತದೆ. ವೀರನ ಸ್ಮಾರಕವಾಗಿ ಬಿಟ್ಟ ಭೂಮಿ ‘ಕಲ್ನಾಡು’. ಮುಂದಿನ ಶತಮಾನಗಳಲ್ಲಿ ಬಳಕೆಗೆ ಬಂದ ‘ನೆತ್ತರುಗೊಡಗೆ’ ಎಂಬ ಪದಕ್ಕಂತೂ ವಿವರಣೆಯೇ ಬೇಕಿಲ್ಲ. ಹರಿದ ನೆತ್ತರಿಗೆ ಪ್ರತಿಯಾಗಿ ಕೊಟ್ಟ ನೆಲ ಅದು.

ಇಂದಿನ ಸೈನಿಕ ಪಿಂಚಣಿಯ ಪೂರ್ವಜ ಎಂದು ಇದನ್ನು ಕರೆಯಲು ಅಡ್ಡಿಯಿಲ್ಲ. ಊರಿಗಾಗಿ ದೇಹವನ್ನು ಒಡ್ಡಿದವರಿಗೆ ಊರು ಸಾಲಗಾರ ಎಂಬ ಭಾವನೆ ಎರಡರಲ್ಲೂ ಇದೆ. ಆದರೆ ಸಾಲ ತೀರುತ್ತಿದ್ದುದು ನೆಲದ ರೂಪದಲ್ಲಿ. ಗದ್ದೆಯನ್ನು ಹೊತ್ತುಕೊಂಡು ಬೇರೆ ನಾಡಿಗೆ ಹೋಗಲಾಗದು. ತೋಟಿ, ತಳವಾರರ ಮಾನ್ಯಗಳೂ ಹಾಗೆಯೇ ಊರಿಗೆ ಅಂಟಿಕೊಂಡಿದ್ದವು. ಊರು ಬಿಟ್ಟವರಿಗೆ ಮಾನ್ಯವೂ ಇರಲಿಲ್ಲ.

ಇನ್ನು ಯುದ್ಧಕ್ಕೆ ಹೋಗದೆ ಹುಟ್ಟಿನಿಂದಲೋ ಕಾಯಿಲೆಯಿಂದಲೋ ಅಂಗ ಊನವಾದವರ ಪಾಡೇನು? ಅವರಿಗೆ ಮನೆಯವರು, ಜಾತಿಯವರು, ಮಠ-ದೇವಾಲಯಗಳ ದಾಸೋಹ, ದರ್ಗಾಗಳ ಲಂಗರು ಆಸರೆಯಾಗಿದ್ದವು. ಅದು ದಯೆಯ ಊಟ. ಕೊಡುಗೆ ಮತ್ತು ದಯೆ ಎಂಬ ಈ ಎರಡು ದಾರಿಗಳು ಮುಂದೆ ಕಾನೂನಿನೊಳಗೂ ಎರಡಾಗಿಯೇ ಉಳಿದವು.

ಹಡಗು ಹತ್ತಿದ ಪಿಂಚಣಿ

ನೆಲದ ಬದಲು ನಗದು ಬಂದಾಗ ಪಿಂಚಣಿಗೆ ಕಾಲು ಬಂತು. ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ ಇದಕ್ಕೆ ಒಳ್ಳೆಯ ನಿದರ್ಶನವಿದೆ. ಬಂಗಾಳದ ನವಾಬ ಮೀರ್ ಜಾಫರ್ ತನ್ನ ಮರಣಾನಂತರ ರಾಬರ್ಟ್ ಕ್ಲೈವನಿಗೆ ಸಲ್ಲುವಂತೆ ಐದು ಲಕ್ಷ ರೂಪಾಯಿ ಬಿಟ್ಟುಹೋಗಿದ್ದ. ಕ್ಲೈವ್ ಅದನ್ನು ಕಂಪನಿಯ ವಶಕ್ಕೆ ಕೊಟ್ಟ. 1770ರಲ್ಲಿ ಆ ಹಣದಿಂದ ‘ಲಾರ್ಡ್ ಕ್ಲೈವ್ ನಿಧಿ’ ಏರ್ಪಟ್ಟಿತು. ಕಂಪನಿಯ ಸೇವೆಯಲ್ಲಿ ಅಶಕ್ತರಾದ ಯುರೋಪಿಯನ್ ಅಧಿಕಾರಿಗಳು, ಸಿಪಾಯಿಗಳು ಮತ್ತು ಅವರ ವಿಧವೆಯರಿಗೆ ಪಿಂಚಣಿ ಕೊಡುವುದು ಅದರ ಉದ್ದೇಶ. ಸ್ವದೇಶಕ್ಕೆ ಮರಳಿದವರಿಗೂ ಅದು ಸಲ್ಲುತ್ತಿತ್ತು.

1791ರಲ್ಲಿ ಕಾರ್ನ್‌ವಾಲಿಸನ ಸೈನ್ಯ ನಂದಿದುರ್ಗವನ್ನು ಹತ್ತಿ ಹಿಡಿಯಿತು. ಅಂಥ ಯುದ್ಧಗಳಲ್ಲಿ ಕೈಕಾಲು ಕಳೆದುಕೊಂಡ ಗೋರಾ ಸಿಪಾಯಿಗೆ ತನ್ನ ದೇಶಕ್ಕೆ ಹೋಗಿ ಉಣ್ಣಬಹುದಾದ ಪಿಂಚಣಿಯ ಏರ್ಪಾಡು ಇತ್ತು. ಇದೇ ಶತಮಾನದ ಕೊನೆಯಲ್ಲಿ ಬಂಗಾಳ ಸೈನ್ಯದ ಅಶಕ್ತ ಭಾರತೀಯ ಸಿಪಾಯಿಗಳಿಗೆ ಬಿಹಾರದ ಭಾಗಲ್ಪುರ ಮೊದಲಾದ ಕಡೆ ಜಮೀನು ಕೊಟ್ಟು ನೆಲೆಗೊಳಿಸಲಾಯಿತು. ಗಾಯ ಒಂದೇ ಬಗೆಯದಾದರೂ ಒಬ್ಬನಿಗೆ ಸಿಕ್ಕಿದ್ದು ಜೇಬಿನಲ್ಲಿಟ್ಟು ಒಯ್ಯಬಹುದಾದ ಹಣ, ಇನ್ನೊಬ್ಬನಿಗೆ ಸಿಕ್ಕಿದ್ದು ಬಿಟ್ಟು ಕದಲಲಾಗದ ಹೊಲ.

1858ರ ನಂತರ ಈ ಲೆಕ್ಕ ಇನ್ನೂ ದೊಡ್ಡದಾಯಿತು. ಭಾರತದಲ್ಲಿ ಕೆಲಸ ಮಾಡಿ ಇಂಗ್ಲೆಂಡಿನಲ್ಲಿ ನೆಲಸಿದ ಅಧಿಕಾರಿಗಳ ಪಿಂಚಣಿಯನ್ನು ಭಾರತದ ಬೊಕ್ಕಸವೇ ಪ್ರತಿವರ್ಷ ಲಂಡನ್ನಿಗೆ ಕಳುಹಿಸಬೇಕಾಗಿತ್ತು. ‘ಹೋಮ್ ಚಾರ್ಜಸ್’ ಎಂದು ಕರೆಯಲಾಗುತ್ತಿದ್ದ ವೆಚ್ಚದಲ್ಲಿ ಇದೂ ಒಂದು. ದಾದಾಭಾಯಿ ನವರೋಜಿಯವರು ತಮ್ಮ ಸಂಪತ್ತಿನ ಸೋರಿಕೆಯ ವಾದದಲ್ಲಿ ಬೆಟ್ಟು ಮಾಡಿ ತೋರಿದ ಬಾಬುಗಳಲ್ಲಿ ಈ ಪಿಂಚಣಿಗಳೂ ಸೇರಿದ್ದವು. ಸ್ವಾತಂತ್ರ್ಯ ಬಂದರೂ ಈ ಋಣ ತಪ್ಪಲಿಲ್ಲ. 1948ರ ಜುಲೈ ತಿಂಗಳಲ್ಲಿ ಬ್ರಿಟನ್ನಿನೊಡನೆ ಆದ ಒಪ್ಪಂದದಂತೆ, ಇಂಥ ಪಿಂಚಣಿಗಳ ಮುಂದಿನ ಹೊಣೆ ತೀರಿಸಲು ಭಾರತ ಸುಮಾರು 16.8 ಕೋಟಿ ಪೌಂಡ್ ಕೊಟ್ಟಿತು. ಆಗಿನ ದರದಲ್ಲಿ ಅದು 224 ಕೋಟಿ ರೂಪಾಯಿ. ಯುದ್ಧಕಾಲದಲ್ಲಿ ಬ್ರಿಟನ್ ಭಾರತಕ್ಕೆ ಕೊಡಬೇಕಾಗಿ ಬಂದಿದ್ದ ಸ್ಟರ್ಲಿಂಗ್ ಬಾಕಿಯಿಂದ ಅದನ್ನು ಮುರಿದುಕೊಳ್ಳಲಾಯಿತು. ಪಿಂಚಣಿ ಎಂಬುದು ಸಾಲವೆಂದು ಒಪ್ಪಿಕೊಂಡ ಮೇಲೆ, ಸಾಲಿಗ ಎಲ್ಲಿದ್ದರೂ ಕೊಡಬೇಕಾಗುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಡ.

ಚಿಕ್ಕಬಳ್ಳಾಪುರದ ಪಕ್ಕದ ಮುದ್ದೇನಹಳ್ಳಿಯ ಎಂ. ವಿಶ್ವೇಶ್ವರಯ್ಯನವರ ಬದುಕಿನಲ್ಲೂ ಇದಕ್ಕೆ ಹೊಂದುವ ಒಂದು ಸಂಗತಿಯಿದೆ. 1884ರಲ್ಲಿ ಮುಂಬಯಿ ಸರ್ಕಾರದ ಕೆಲಸಕ್ಕೆ ಸೇರಿದ ಅವರು 1908ರಲ್ಲಿ ಸ್ವಂತ ಇಚ್ಛೆಯಿಂದ ನಿವೃತ್ತರಾದರು. ಪಿಂಚಣಿಗೆ ಬೇಕಾದ 25 ವರ್ಷ ತುಂಬಿರಲಿಲ್ಲ. ಆದರೂ ಅವರ ಸೇವೆಯನ್ನು ಮನ್ನಿಸಿ ವಿಶೇಷವಾಗಿ ಪಿಂಚಣಿ ಮಂಜೂರು ಮಾಡಲಾಯಿತು. ಆಮೇಲೆ ಅವರು ವಿದೇಶ ಪ್ರವಾಸದಲ್ಲಿದ್ದಾಗಲೇ ಹೈದರಾಬಾದಿನ ನಿಜಾಮರ ಕರೆ ಬಂದದ್ದು. ಇದು ಅಂಗವೈಕಲ್ಯದ ಪಿಂಚಣಿಯಲ್ಲ, ನಿಜ. ಆದರೆ ಸೇವೆಗೆ ಸಲ್ಲುವ ಪಿಂಚಣಿ ಪಡೆಯುವವರು ಎಲ್ಲಿದ್ದಾರೆ ಎಂಬ ಪ್ರಶ್ನೆಗೆ ಆಗಲೂ ಹೆಚ್ಚಿನ ಬೆಲೆ ಇರಲಿಲ್ಲ.

ಸಂವಿಧಾನದ ಎರಡು ಸಾಲು

1950ರ ಸಂವಿಧಾನ ಈ ಹಳೆಯ ಭೇದವನ್ನು ಸದ್ದಿಲ್ಲದೆ ತನ್ನೊಳಗೆ ಇರಿಸಿಕೊಂಡಿತು. ಏಳನೆಯ ಅನುಸೂಚಿಯಲ್ಲಿ ಪಿಂಚಣಿಗೆ ಒಂದು ಜಾಗ, ಅಂಗವಿಕಲರ ನೆರವಿಗೆ ಇನ್ನೊಂದು ಜಾಗ. ಕೇಂದ್ರ ಸರ್ಕಾರ ಕೊಡುವ ಪಿಂಚಣಿಗಳು ಕೇಂದ್ರ ಪಟ್ಟಿಯ 71ನೆಯ ಬಾಬು. ರಾಜ್ಯ ಕೊಡುವ ಪಿಂಚಣಿಗಳು ರಾಜ್ಯ ಪಟ್ಟಿಯ 42ನೆಯ ಬಾಬು. ಅಂಗವಿಕಲರ ಮತ್ತು ಕೆಲಸ ಮಾಡಲಾರದವರ ಪರಿಹಾರ ಬರುವುದು ರಾಜ್ಯ ಪಟ್ಟಿಯ 9ನೆಯ ಬಾಬಿನಲ್ಲಿ. ಹಳ್ಳಿಯವರು ಎರಡನ್ನೂ ಪಿಂಚಣಿ ಎಂದರೂ ಸಂವಿಧಾನ ಹಾಗೆನ್ನುವುದಿಲ್ಲ.

ಸಂವಿಧಾನದ 41ನೆಯ ಅನುಚ್ಛೇದ ನಿರುದ್ಯೋಗ, ಮುಪ್ಪು, ಕಾಯಿಲೆ, ಅಂಗವೈಕಲ್ಯದ ಸಂದರ್ಭಗಳಲ್ಲಿ ಸಾರ್ವಜನಿಕ ನೆರವು ದೊರಕಿಸಬೇಕೆಂದು ರಾಜ್ಯಕ್ಕೆ ಹೇಳುತ್ತದೆ. ಆದರೆ ಅದು ಆರ್ಥಿಕ ಸಾಮರ್ಥ್ಯದ ಮಿತಿಯಲ್ಲಿ. ಇದು ನಿರ್ದೇಶಕ ತತ್ವವಾದ್ದರಿಂದ ಇದೊಂದನ್ನೇ ಹಿಡಿದು ನ್ಯಾಯಾಲಯದಲ್ಲಿ ಪಟ್ಟು ಹಿಡಿಯಲು ಬರುವುದಿಲ್ಲ. ಇನ್ನೊಂದು ಕಡೆ, 1982ರ ಡಿಸೆಂಬರ್ 17ರಂದು ಡಿ.ಎಸ್. ನಕಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸೇವಾ ಪಿಂಚಣಿ ಸರ್ಕಾರದ ಭಿಕ್ಷೆಯೂ ಅಲ್ಲ, ಕೃಪೆಯೂ ಅಲ್ಲ, ಸಲ್ಲಿಸಿದ ಸೇವೆಗೆ ಬರುವ ಹಕ್ಕು ಎಂದು ತೀರ್ಪಿತ್ತಿತು. ನಿವೃತ್ತರು ಇಂದಿಗೂ ಆ ದಿನವನ್ನು ಪಿಂಚಣಿದಾರರ ದಿನವೆಂದು ಆಚರಿಸುತ್ತಾರೆ.

ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥವನ್ನು ಇಲ್ಲಿ ನೆನೆಯಬಹುದು. 1938ರ ಏಪ್ರಿಲ್ 25ರಂದು ಅಲ್ಲಿ ಸೇರಿದ್ದ ಸತ್ಯಾಗ್ರಹಿಗಳ ಮೇಲೆ ಪೊಲೀಸರು ಗುಂಡು ಹಾರಿಸಿದರು. ಹಲವರು ಸತ್ತರು, ಅನೇಕರು ಗಾಯಗೊಂಡರು. ಸ್ವಾತಂತ್ರ್ಯದ ಬೆಳ್ಳಿಹಬ್ಬದ ವರ್ಷವಾದ 1972ರಲ್ಲಿ ಕೇಂದ್ರ ಸರ್ಕಾರ ಸ್ವಾತಂತ್ರ್ಯ ಯೋಧರ ಪಿಂಚಣಿ ಯೋಜನೆಯನ್ನು ತಂದಿತು. ಹೋರಾಟದಲ್ಲಿ ಗುಂಡೇಟಿನಿಂದಲೋ ಲಾಠಿ ಏಟಿನಿಂದಲೋ ಶಾಶ್ವತವಾಗಿ ಅಶಕ್ತರಾದವರನ್ನೂ ಅದರ ಅರ್ಹರ ಪಟ್ಟಿಗೆ ಸೇರಿಸಲಾಯಿತು. 1980ರಲ್ಲಿ ಅದರ ಹೆಸರಿಗೆ ‘ಸಮ್ಮಾನ’ ಎಂಬ ಮಾತು ಸೇರಿತು. ನಾಡಿಗಾಗಿ ಪೆಟ್ಟು ತಿಂದವರಿಗೆ ಸಮ್ಮಾನ, ಬದುಕಿನ ಪೆಟ್ಟು ತಿಂದವರಿಗೆ ಪರಿಹಾರ. ಇದು ನೆತ್ತರುಗೊಡಗೆಯ ತರ್ಕವೇ.

ಬದುಕಿದ್ದೇನೆಂಬ ಕಾಗದ

ಸೈನಿಕರ ಅಂಗವೈಕಲ್ಯ ಪಿಂಚಣಿಯಲ್ಲಿ ಎರಡು ಪ್ರಶ್ನೆಗಳು ಮುಖ್ಯ. ಊನ ಸೈನಿಕ ಸೇವೆಯಿಂದಲೇ ಉಂಟಾಯಿತೇ ಅಥವಾ ಸೇವೆಯಿಂದಾಗಿ ಉಲ್ಬಣಿಸಿತೇ ಎಂಬುದು ಒಂದು. ಅದರ ಪ್ರಮಾಣ ಎಷ್ಟು ಎಂಬುದು ಎರಡನೆಯದು. ಸಾಮಾನ್ಯವಾಗಿ ಶೇಕಡ 20ಕ್ಕಿಂತ ಕಡಿಮೆಯಿದ್ದರೆ ಪಿಂಚಣಿಯಿಲ್ಲ. ಇವೆರಡೂ ತೀರ್ಮಾನವಾದ ಮೇಲೆ ಪಿಂಚಣಿದಾರರು ಎಲ್ಲಿ ವಾಸವಾಗಿದ್ದಾರೆ, ಮನೆಯಲ್ಲಿ ಯಾರ ವರಮಾನ ಎಷ್ಟು ಎಂಬ ವಿಚಾರಣೆ ಇಲ್ಲ.

ಗಡಿಯಾಚೆಗೆ ಈ ಪಿಂಚಣಿ ಹೇಗೆ ಹೋಗುತ್ತದೆ ಎಂಬುದನ್ನು ನೋಡಲು ನೇಪಾಳಕ್ಕೆ ಹೋಗಬೇಕು. ಭಾರತದ ಸೈನ್ಯದಲ್ಲಿ ದುಡಿದು ಮರಳಿದ ಗೂರ್ಖಾ ಯೋಧರಿಗಾಗಿ ಕಠ್ಮಂಡು, ಪೋಖರಾ, ಧರಾನ್‌ಗಳಲ್ಲಿ ಭಾರತೀಯ ಪಿಂಚಣಿ ಪಾವತಿ ಕಚೇರಿಗಳಿವೆ. ಪಡೆಯುವವರು ಭಾರತದ ಪ್ರಜೆಗಳೂ ಅಲ್ಲ, ಭಾರತದಲ್ಲಿ ವಾಸವೂ ಇಲ್ಲ. ಹಾಗಿದ್ದೂ ಸೇವೆಯ ಋಣ ಸಲ್ಲುತ್ತದೆ.

ಮಕ್ಕಳ ಜೊತೆ ಹೊರದೇಶದಲ್ಲಿ ನೆಲಸಿದ ಸರ್ಕಾರಿ ಪಿಂಚಣಿದಾರರಿಗೆ ಇರುವ ಮುಖ್ಯ ಕಟ್ಟಳೆ ಒಂದೇ: ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ನವೆಂಬರ್ ತಿಂಗಳಲ್ಲಿ, ತಾವು ಬದುಕಿರುವುದಾಗಿ ತೋರಿಸಿಕೊಡುವುದು. ಇದೇ ಜೀವನ ಪ್ರಮಾಣ ಪತ್ರ. ಭಾರತದ ರಾಯಭಾರ ಕಚೇರಿಯ ಅಧಿಕಾರಿ, ಅಲ್ಲಿನ ನೋಟರಿ, ಮ್ಯಾಜಿಸ್ಟ್ರೇಟ್ ಅಥವಾ ಬ್ಯಾಂಕಿನ ಅಧಿಕಾರಿ ಅದಕ್ಕೆ ಸಹಿ ಮಾಡಬಹುದು. 2014ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ‘ಜೀವನ್ ಪ್ರಮಾಣ್’ ಎಂಬ ಡಿಜಿಟಲ್ ವ್ಯವಸ್ಥೆಯನ್ನು ತಂದಿತು. ಮೊದಲು ಬೆರಳಚ್ಚು, ಕಣ್ಣುಪಾಪೆಯ ಗುರುತು ಬೇಕಾಗಿತ್ತು. 2021ರಿಂದ ಮೊಬೈಲಿನಲ್ಲಿ ಮುಖ ತೋರಿಸಿದರೂ ಆಗುತ್ತದೆ. ಹಾಸಿಗೆ ಹಿಡಿದವರಿಗೆ ಇದು ದೊಡ್ಡ ಅನುಕೂಲ.

ಕೆರೆ ಬತ್ತಿದ ಊರಿನ ಬೆನ್ನು

ಇನ್ನು ಆ ಎರಡನೆಯ ನೆರೆಯವರ ಕಡೆ ಬರೋಣ. ಈ ತಾಲ್ಲೂಕುಗಳಲ್ಲಿ ವರ್ಷಪೂರ್ತಿ ಹರಿಯುವ ಹೊಳೆಯಿಲ್ಲ. ಕೆರೆಗಳು ಬತ್ತಿದ ಮೇಲೆ ಜನ ಕೊಳವೆಬಾವಿಗಳನ್ನು ನಂಬಿದರು. ನೀರು ಆಳಕ್ಕಿಳಿದಂತೆ ಬಂಡೆಯಲ್ಲಿರುವ ಫ್ಲೋರೈಡ್ ನೀರಿಗೆ ಸೇರುವುದು ಹೆಚ್ಚಿತು. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂಗಿಂತ ಹೆಚ್ಚು ಫ್ಲೋರೈಡ್ ಇರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಅದಕ್ಕಿಂತ ಬಹಳ ಹೆಚ್ಚಿರುವ ನೀರನ್ನು ವರ್ಷಗಟ್ಟಲೆ ಕುಡಿದವರಿಗೆ ಮೊದಲು ಹಲ್ಲಿನ ಮೇಲೆ ಕಂದು ಕಲೆ ಬೀಳುತ್ತದೆ. ಆಮೇಲೆ ಕೀಲುಗಳು ಬಿಗಿಯುತ್ತವೆ. ಕೊನೆಗೆ ಬೆನ್ನೆಲುಬು ಬಗ್ಗಿ, ಬಾಗಿದ್ದು ನೆಟ್ಟಗಾಗುವುದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ. 1995ರ ಕಾಯ್ದೆಯಲ್ಲಿ ಇದ್ದದ್ದು ಏಳು. ಫ್ಲೋರೋಸಿಸ್ ಆ 21ರಲ್ಲಿ ಹೆಸರು ಹಿಡಿದು ಬಂದಿಲ್ಲ. ಅದರಿಂದ ಬಳಲುವವರು ಚಲನೆಯ ಅಂಗವೈಕಲ್ಯ ಎಂಬ ತಲೆಬರಹದಡಿ ಪ್ರಮಾಣಪತ್ರ ಪಡೆಯಬೇಕು.

ಶಿಡ್ಲಘಟ್ಟ ರೇಷ್ಮೆಗೂಡಿನ ಮಾರುಕಟ್ಟೆಗೆ ಹೆಸರಾದ ಊರು. ಬಿಸಿನೀರಿನಲ್ಲಿ ಬೆಂದ ಗೂಡಿನಿಂದ ನೂಲು ಬಿಚ್ಚುವ ಕೆಲಸದಲ್ಲಿ ಕೈಗಳು ದಿನವಿಡೀ ನೀರಿನಲ್ಲೇ ಇರುತ್ತವೆ. ಉಸಿರಾಡುವುದು ಅದೇ ಆವಿಯನ್ನು. ಇಂಥ ಸಣ್ಣ ಘಟಕಗಳಲ್ಲಿ ದುಡಿಯುವವರಿಗೆ ಭವಿಷ್ಯನಿಧಿಯಾಗಲಿ ವಿಮೆಯಾಗಲಿ ಇರುವುದು ಕಡಿಮೆ. ನೋಂದಾಯಿತ ಕಾರ್ಖಾನೆಯ ಕೆಲಸಗಾರರಿಗೆ 1995ರಲ್ಲಿ ಬಂದ ನೌಕರರ ಪಿಂಚಣಿ ಯೋಜನೆ ಒಂದು ಆಸರೆ ಕೊಟ್ಟಿತು. ಕೆಲಸದಲ್ಲಿದ್ದಾಗ ಪೂರ್ಣ ಹಾಗೂ ಶಾಶ್ವತ ಅಶಕ್ತತೆ ಉಂಟಾದರೆ, ಒಂದೇ ತಿಂಗಳ ವಂತಿಗೆ ಕಟ್ಟಿದ್ದರೂ ಅದರಲ್ಲಿ ಪಿಂಚಣಿಯುಂಟು. ಗೌರಿಬಿದನೂರಿನ ಗಿರಣಿಯ ಕೆಲಸಗಾರರಿಗೆ ಸಿಗಬಹುದಾದ ಈ ಹಕ್ಕು, ಶಿಡ್ಲಘಟ್ಟದ ಮನೆಯಂಗಳದ ರೀಲಿಂಗ್ ಘಟಕದಲ್ಲಿ ದುಡಿಯುವ ಹೆಣ್ಣುಮಗಳಿಗೆ ಇಲ್ಲ.

ಇಂಥವರಿಗೆ ಉಳಿದಿರುವುದು ರಾಜ್ಯದ ಮಾಸಾಶನ. ಕರ್ನಾಟಕದಲ್ಲಿ ಅಂಗವಿಕಲರಿಗೆ ತಿಂಗಳ ನೆರವು ಕೊಡುವ ನಿಯಮಗಳು 1979ರಲ್ಲಿ ಬಂದವು. ಶೇಕಡ 40ರಷ್ಟಾದರೂ ಅಂಗವೈಕಲ್ಯ ಇರಬೇಕು, ವರಮಾನ ಗೊತ್ತುಪಡಿಸಿದ ಮಿತಿಯೊಳಗಿರಬೇಕು, ರಾಜ್ಯದ ನಿವಾಸಿಯಾಗಿರಬೇಕು ಎಂಬುವು ಅದರ ಮೂರು ಆಧಾರಗಳು. ಅರ್ಜಿ ಹೋಗುವುದು ನಾಡಕಚೇರಿಗೆ, ಮಂಜೂರಾಗುವುದು ಕಂದಾಯ ಇಲಾಖೆಯಲ್ಲಿ. 2009ರಲ್ಲಿ ಕೇಂದ್ರ ಸರ್ಕಾರ ಇಂದಿರಾ ಗಾಂಧಿ ರಾಷ್ಟ್ರೀಯ ಅಂಗವಿಕಲ ಪಿಂಚಣಿ ಯೋಜನೆಯನ್ನು ಸೇರಿಸಿತು. ಬಡತನದ ರೇಖೆಯ ಕೆಳಗಿರುವ, ಶೇಕಡ 80 ಅಥವಾ ಹೆಚ್ಚಿನ ಅಂಗವೈಕಲ್ಯವಿರುವವರಿಗೆ ಅದು ಅನ್ವಯ. ತಿಂಗಳಿಗೆ 200 ರೂಪಾಯಿ ಇದ್ದ ಕೇಂದ್ರದ ಪಾಲು 2012ರಲ್ಲಿ 300 ಆಯಿತು, ಆಮೇಲೆ ಅಲ್ಲಿಯೇ ನಿಂತಿತು. ಉಳಿದದ್ದನ್ನು ರಾಜ್ಯ ತುಂಬುತ್ತದೆ.

ಅಂಚೆಯವರು ಮನಿಆರ್ಡರ್ ತಂದು ಕೊಡುತ್ತಿದ್ದ ಕಾಲದಲ್ಲಿ ಊರು ಬಿಟ್ಟವರ ಸುದ್ದಿ ತಾನಾಗಿ ತಾಲ್ಲೂಕು ಕಚೇರಿ ಸೇರುತ್ತಿತ್ತು. ಮನೆಗೆ ಬೀಗವಿದ್ದರೆ ಹಣ ಹಿಂದಕ್ಕೆ ಹೋಗುತ್ತಿತ್ತು. ಈಗ ಹಣ ನೇರ ಬ್ಯಾಂಕಿಗೋ ಅಂಚೆ ಖಾತೆಗೋ ಬೀಳುತ್ತದೆ. ಅದನ್ನು ಮುಂಬಯಿಯಲ್ಲಿ ಕುಳಿತೂ ತೆಗೆಯಬಹುದು. ಇದರಿಂದ ಹಣಕ್ಕೆ ಓಡಾಟ ಬಂದಿದೆ, ಹಕ್ಕಿಗೆ ಬಂದಿಲ್ಲ. ಫಲಾನುಭವಿಗಳ ಪರಿಶೀಲನೆ ನಡೆದಾಗ ಊರಲ್ಲಿ ಇಲ್ಲದವರ ಹೆಸರು ಪಟ್ಟಿಯಿಂದ ಬಿಟ್ಟುಹೋಗುವ ಭಯ ಇದ್ದೇ ಇರುತ್ತದೆ.

ಇಪ್ಪತ್ತು ಕಿಲೋಮೀಟರಿನ ವಿದೇಶ

ಹೊರದೇಶವೆಂದರೆ ವಿಮಾನ ಹತ್ತಬೇಕೆಂದೇನೂ ಇಲ್ಲ. ಅಂಗವಿಕಲರ ಪರಿಹಾರ ರಾಜ್ಯ ಪಟ್ಟಿಗೆ ಸೇರಿದ್ದರಿಂದ ಗೌರಿಬಿದನೂರಿನವರಿಗೆ ಇಪ್ಪತ್ತು ಕಿಲೋಮೀಟರಿನ ಆಸುಪಾಸಿನಲ್ಲಿರುವ ಹಿಂದೂಪುರವೂ ಈ ಲೆಕ್ಕದಲ್ಲಿ ಪರದೇಶವೇ. ಈ ಗಡಿಯ ಎರಡೂ ಕಡೆ ಜನ ಕನ್ನಡ, ತೆಲುಗು ಎರಡನ್ನೂ ಆಡುತ್ತಾರೆ. ಹೆಣ್ಣು ಕೊಡುವುದು, ತರುವುದು, ಸಂತೆ, ಆಸ್ಪತ್ರೆ ಎಲ್ಲವೂ ಗಡಿ ದಾಟಿಯೇ ನಡೆಯುತ್ತದೆ. ಕೊಳವೆಬಾವಿಯ ಫ್ಲೋರೈಡಿಗೂ ಗಡಿ ಗೊತ್ತಿಲ್ಲ. ಮಾಸಾಶನಕ್ಕೆ ಮಾತ್ರ ಗೊತ್ತು. ಆಂಧ್ರಪ್ರದೇಶ ಸರ್ಕಾರ 2024ರ ಜುಲೈಯಿಂದ ಅಂಗವಿಕಲರ ಪಿಂಚಣಿಯನ್ನು ತಿಂಗಳಿಗೆ 6,000 ರೂಪಾಯಿಗೆ ಏರಿಸಿತು. ಕರ್ನಾಟಕದಲ್ಲಿ ಬಹುಪಾಲು ಅಂಗವಿಕಲರಿಗೆ ಬರುತ್ತಿದ್ದದ್ದು ಸಾವಿರ ರೂಪಾಯಿಯ ಆಸುಪಾಸು.

ಗೌರಿಬಿದನೂರಿನ ಅಂಗವಿಕಲ ತಾಯಿಯೊಬ್ಬರು ಹಿಂದೂಪುರದಲ್ಲಿರುವ ಮಗಳ ಮನೆಗೆ ಹೋಗಿ ನೆಲಸುತ್ತಾರೆ ಎನ್ನಿ. ಇಲ್ಲಿಯ ನಿವಾಸ ಬಿಟ್ಟರೆ ಇಲ್ಲಿಯ ಮಾಸಾಶನಕ್ಕೆ ಆಧಾರ ಹೋಗುತ್ತದೆ. ಅಲ್ಲಿಯದು ಬೇಕಾದರೆ ಆ ರಾಜ್ಯದ ಪಡಿತರ ಚೀಟಿಯಿಂದ ಹಿಡಿದು ಎಲ್ಲವನ್ನೂ ಹೊಸದಾಗಿ ಮಾಡಿಸಿಕೊಳ್ಳಬೇಕು. ಅಷ್ಟು ದಿನ ಅವರು ಮಗಳ ಕೈ ನೋಡಿಕೊಂಡೇ ಇರಬೇಕು.

ಬೇರೆ ದೇಶಗಳ ಲೆಕ್ಕ

ಇದು ಬಡ ದೇಶವೊಂದರ ಜಿಪುಣತನ ಎಂದುಕೊಂಡರೆ ತಪ್ಪಾಗುತ್ತದೆ. ಸಿರಿವಂತ ದೇಶಗಳಲ್ಲೂ ಗೆರೆ ಎಳೆದಿರುವುದು ಹೆಚ್ಚುಕಡಿಮೆ ಅಲ್ಲಿಯೇ. ಅಮೆರಿಕದಲ್ಲಿ ದುಡಿಯುವಾಗ ತೆರಿಗೆ ಕಟ್ಟಿ ಗಳಿಸಿದ ಅಂಗವೈಕಲ್ಯ ವಿಮೆಯ ಹಣವನ್ನು ಅಲ್ಲಿಯ ಪೌರರು ಭಾರತಕ್ಕೆ ಬಂದು ನೆಲಸಿದರೂ ಪಡೆಯಬಹುದು. ಆದರೆ ವರಮಾನವಿಲ್ಲದ ಅಂಗವಿಕಲರಿಗೆ ಕೊಡುವ ‘ಎಸ್‌ಎಸ್‌ಐ’ ಎಂಬ ನೆರವು, ದೇಶ ಬಿಟ್ಟು ಸತತ 30 ದಿನವಾದರೆ ನಿಲ್ಲುತ್ತದೆ. ಆಸ್ಟ್ರೇಲಿಯಾದ ಅಂಗವೈಕಲ್ಯ ಪಿಂಚಣಿಯನ್ನು ಸಾಮಾನ್ಯವಾಗಿ ವರ್ಷದಲ್ಲಿ 28 ದಿನ ಮಾತ್ರ ಹೊರದೇಶದಲ್ಲಿದ್ದು ಪಡೆಯಬಹುದು. ಬ್ರಿಟನ್ನಿನ ‘ಪಿಐಪಿ’ ಭತ್ಯೆಗೆ 13 ವಾರ, ಚಿಕಿತ್ಸೆಗಾಗಿ ಹೋದರೆ 26 ವಾರದ ಅವಧಿ. ಐರೋಪ್ಯ ಒಕ್ಕೂಟದ ನಿಯಮಗಳೂ ವಂತಿಗೆಯಿಂದ ಗಳಿಸಿದ ಅಶಕ್ತತಾ ಪಿಂಚಣಿಯನ್ನು ಒಂದು ದೇಶದಿಂದ ಇನ್ನೊಂದಕ್ಕೆ ಒಯ್ಯಲು ಬಿಡುತ್ತವೆ. ವಂತಿಗೆಯಿಲ್ಲದ ವಿಶೇಷ ನೆರವುಗಳನ್ನು ಬಿಡುವುದಿಲ್ಲ.

ಸಿಡ್ನಿಯಲ್ಲಿ ನೆಲಸಿದ ಚಿಕ್ಕಬಳ್ಳಾಪುರದ ಮನೆತನವೊಂದು ಅಂಗವಿಕಲ ಮಗನನ್ನು ಕರೆದುಕೊಂಡು ಅಜ್ಜಿಯ ಮನೆಗೆ ಬೇಸಿಗೆ ಕಳೆಯಲು ಬಂದರೂ ಈ ದಿನಗಳ ಎಣಿಕೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಟಿಕೆಟ್ ತೆಗೆಯಬೇಕಾಗುತ್ತದೆ.

ದುಡಿದು ಗಳಿಸಿದ ಹಕ್ಕು ಕಡಲು ದಾಟಲೆಂದು ದೇಶ ದೇಶಗಳ ನಡುವೆ ಒಪ್ಪಂದಗಳಾಗಿವೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1925ರಲ್ಲಿಯೇ ಒಂದು ಒಡಂಬಡಿಕೆ ರೂಪಿಸಿ, ಕೆಲಸದಲ್ಲಿ ಅಪಘಾತಕ್ಕೊಳಗಾದ ಹೊರದೇಶದ ಕಾರ್ಮಿಕನಿಗೂ ಸ್ವದೇಶದವನಷ್ಟೇ ಪರಿಹಾರ ಸಲ್ಲಬೇಕು, ವಾಸದ ಷರತ್ತು ಹಾಕಬಾರದು ಎಂದಿತು. ಭಾರತ 1927ರಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟಿತು. ಈಚಿನ ಕಾಲದ್ದು ಸಾಮಾಜಿಕ ಭದ್ರತಾ ಒಪ್ಪಂದಗಳು. ಭಾರತದ ಮಟ್ಟಿಗೆ ಮೊದಲು ಜಾರಿಗೆ ಬಂದದ್ದು 2009ರಲ್ಲಿ ಬೆಲ್ಜಿಯಂ ಜೊತೆಗಿನದು. ಆಮೇಲೆ ಜರ್ಮನಿ, ಫ್ರಾನ್ಸ್, ನೆದರ್ಲೆಂಡ್ಸ್, ಕೆನಡಾ, ಜಪಾನ್ ಮುಂತಾದ ದೇಶಗಳು ಸೇರಿದವು. ಎರಡು ದೇಶಗಳಲ್ಲಿ ದುಡಿದ ವರ್ಷಗಳನ್ನು ಕೂಡಿಸಿ ಅರ್ಹತೆ ಲೆಕ್ಕ ಹಾಕುವುದು, ಬಂದ ಪಿಂಚಣಿಯನ್ನು ಇನ್ನೊಂದು ದೇಶದಲ್ಲಿ ಪಡೆಯಲು ಬಿಡುವುದು ಇವುಗಳ ಸಾರ. ಹಲವು ಒಪ್ಪಂದಗಳು ಅಶಕ್ತತೆಯ ಪಿಂಚಣಿಯನ್ನೂ ಒಳಗೊಂಡಿವೆ. ಆದರೆ ಇವುಗಳಿಂದ ಹೆಚ್ಚು ಉಪಯೋಗವಾಗುವುದು ಕಂಪನಿಗಳ ಎಂಜಿನಿಯರುಗಳಿಗೆ.

ಕೊಲ್ಲಿ ರಾಷ್ಟ್ರಗಳಿಗೆ ಚಾಲಕರಾಗಿ, ಮನೆಗೆಲಸಕ್ಕೆ ಹೋಗುವವರ ಕತೆ ಬೇರೆ. ಅಲ್ಲಿಯ ಪಿಂಚಣಿ ವ್ಯವಸ್ಥೆಗಳು ಮುಖ್ಯವಾಗಿ ಆಯಾ ದೇಶದ ಪ್ರಜೆಗಳಿಗಾಗಿ ಇವೆ. ಭಾರತ ಸರ್ಕಾರ 2003ರಲ್ಲಿ ಪ್ರವಾಸಿ ಭಾರತೀಯ ಬೀಮಾ ಯೋಜನೆಯನ್ನು ತಂದಿತು. ವಲಸೆ ಪರವಾನಗಿ ಬೇಕಾದ ಕಾರ್ಮಿಕರಿಗೆ ಇದು ಕಡ್ಡಾಯ. 2017ರ ತಿದ್ದುಪಡಿಯ ಪ್ರಕಾರ ಎರಡು ವರ್ಷಕ್ಕೆ 275, ಮೂರು ವರ್ಷಕ್ಕೆ 375 ರೂಪಾಯಿ ಕಂತಿಗೆ, ಅಪಘಾತದ ಸಾವು ಅಥವಾ ಕೆಲಸ ಕಳೆಯುವಂಥ ಶಾಶ್ವತ ಅಶಕ್ತತೆಗೆ 10 ಲಕ್ಷ ರೂಪಾಯಿ ಪರಿಹಾರವಿದೆ. ಇದು ಒಮ್ಮೆ ಬರುವ ಮೊತ್ತ, ತಿಂಗಳ ಪಿಂಚಣಿಯಲ್ಲ. ಕುವೈತಿನಲ್ಲಿ ಬಿದ್ದು ಬೆನ್ನು ಮುರಿದುಕೊಂಡು ಚಿಂತಾಮಣಿಗೆ ಮರಳುವವರು, ಆ ಹಣ ಕರಗಿದ ಮೇಲೆ ಮತ್ತೆ ನಾಡಕಚೇರಿಯ ಸಾಲಿನಲ್ಲೇ ನಿಲ್ಲಬೇಕು.

ಗೆರೆಯ ಎರಡು ಕಡೆ

ನೆರವಿಗೆ ಗಡಿ ಹಾಕುವವರ ವಾದದಲ್ಲಿ ಹುರುಳಿಲ್ಲವೆನ್ನಲಾಗದು. ಮಾಸಾಶನ ಬರುವುದು ಆ ರಾಜ್ಯದ ಜನ ಕಟ್ಟುವ ತೆರಿಗೆಯಿಂದ. ಕೊಡುವ ಮೊತ್ತ ನಿರ್ಧಾರವಾಗುವುದು ಅಲ್ಲಿಯ ಬೆಲೆಗಳನ್ನು ನೋಡಿ. ವರಮಾನ ಹೆಚ್ಚಿತೇ, ಪಡೆಯುವವರು ಬದುಕಿದ್ದಾರೆಯೇ ಎಂದು ದೂರದಿಂದ ತಿಳಿಯುವುದು ಕಷ್ಟ. ಮಕ್ಕಳು ಹೊರದೇಶಕ್ಕೆ ಕರೆಸಿಕೊಳ್ಳುವಷ್ಟು ಅನುಕೂಲವಂತರಾದರೆ ಸರ್ಕಾರದ ನೆರವಿನ ಅಗತ್ಯವೇನು ಎಂದೂ ಕೇಳಬಹುದು.

ಆದರೆ ಅಂಗವಿಕಲರು ಊರು ಬಿಡುವುದು ಹಲವು ಸಲ ಅನುಕೂಲಕ್ಕಲ್ಲ, ಅನಿವಾರ್ಯಕ್ಕೆ. ನೋಡಿಕೊಳ್ಳುವ ತಾಯಿ ತೀರಿಕೊಂಡಾಗ ಅಕ್ಕನ ಊರಿಗೆ ಹೋಗಲೇಬೇಕಾಗುತ್ತದೆ. ಎತ್ತಿ ಕೂರಿಸುವ ಕೈ ಎಲ್ಲಿದೆಯೋ ಅದೇ ಅವರ ಊರು. ನೆರವು ಊರಿಗೆ ಅಂಟಿಕೊಂಡಿದ್ದರೆ ಆರೈಕೆ ಮತ್ತು ಹಣ ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಾಗುತ್ತದೆ. ಕೈಯಲ್ಲಿ ಆ ಸಾವಿರ ರೂಪಾಯಿ ಇದ್ದಾಗ ಮನೆಯಲ್ಲಿ ಸಿಗುವ ಮರ್ಯಾದೆಯೂ ಅದರೊಂದಿಗೆ ಹೋಗುತ್ತದೆ. 2007ರಲ್ಲಿ ಭಾರತ ಒಪ್ಪಿಕೊಂಡ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆ, ಎಲ್ಲರಂತೆ ಓಡಾಡುವ ಮತ್ತು ತಮ್ಮ ವಾಸಸ್ಥಾನ ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನು 18ನೆಯ ಅನುಚ್ಛೇದದಲ್ಲಿ ಹೇಳುತ್ತದೆ. ಸಾಮಾಜಿಕ ರಕ್ಷಣೆಯ ಮಾತು 28ನೆಯದರಲ್ಲಿದೆ. ಎರಡನ್ನೂ ಒಟ್ಟಿಗೆ ಓದಿದರೆ ಹೊರಡುವ ಸ್ವಾತಂತ್ರ್ಯದ ಬೆಲೆ ಊಟವಾಗಬಾರದು ಎಂದೇ ಅರ್ಥವಾಗುತ್ತದೆ.

ಕಡಲು ದಾಟುವ ಮಾತು ದೂರದ್ದಾದರೂ, ರಾಜ್ಯದ ಗಡಿ ದಾಟುವುದಕ್ಕೆ ದಾರಿ ಇಲ್ಲದಿಲ್ಲ. ‘ಒಂದು ದೇಶ, ಒಂದು ಪಡಿತರ ಚೀಟಿ’ ವ್ಯವಸ್ಥೆ ಬಂದ ಮೇಲೆ ಗೌರಿಬಿದನೂರಿನ ಚೀಟಿಗೆ ಹಿಂದೂಪುರದಲ್ಲಿಯೂ ಅಕ್ಕಿ ಸಿಗುತ್ತದೆ. ಅಂಗವಿಕಲರಿಗೆ ಈಗ ದೇಶಕ್ಕೆಲ್ಲ ಒಂದೇ ಆದ ‘ಯುಡಿಐಡಿ’ ಗುರುತಿನ ಚೀಟಿಯೂ ಇದೆ. ಗುರುತು ಎಲ್ಲೆಡೆ ನಡೆಯುತ್ತದೆ, ಅಕ್ಕಿ ಎಲ್ಲೆಡೆ ನಡೆಯುತ್ತದೆ. ಒಂದು ರಾಜ್ಯದಲ್ಲಿ ನಿಂತ ಮಾಸಾಶನ ಇನ್ನೊಂದರಲ್ಲಿ ಆರಂಭವಾಗುವವರೆಗೆ ತಪ್ಪದಂತೆ ನೋಡಿಕೊಳ್ಳುವುದು ಅದಕ್ಕಿಂತ ಕಷ್ಟದ ಕೆಲಸವೇನಲ್ಲ.

ಹೊರಡುವ ಮುನ್ನ ಮನೆಯವರು ಮಾಡಬೇಕಾದದ್ದು ಒಂದಿದೆ. ಕೈಗೆ ಬರುತ್ತಿರುವ ಹಣ ಯಾವ ಬಗೆಯದು ಎಂದು ಮಂಜೂರಾತಿ ಆದೇಶ ತೆಗೆದು ನೋಡುವುದು. ಸೇವೆಗೆ ಬಂದದ್ದೋ, ವಂತಿಗೆಗೆ ಬಂದದ್ದೋ, ನೆರವಾಗಿ ಬಂದದ್ದೋ ಎಂಬುದು ಅದರ ತಲೆಬರಹದಲ್ಲಿಯೇ ಇರುತ್ತದೆ. ಮೊದಲಿನ ಎರಡಾದರೆ ಹೋಗುವ ದೇಶ ಯಾವುದು, ಜೀವನ ಪ್ರಮಾಣ ಪತ್ರಕ್ಕೆ ಅಲ್ಲಿ ಯಾರ ಸಹಿ ಬೇಕು ಎಂದು ವಿಚಾರಿಸಿಕೊಳ್ಳಬಹುದು. ಮೂರನೆಯದಾದರೆ ಹೊರಡುವ ಮಾತನ್ನು ಕಚೇರಿಗೆ ತಿಳಿಸಿ, ಮರಳಿದಾಗ ಮತ್ತೆ ಪಡೆಯುವ ದಾರಿ ಕೇಳಿಕೊಳ್ಳುವುದು ಲೇಸು. ಸುಮ್ಮನೆ ಹೋಗಿ, ಮೇಲೆ ಬಂದ ಹಣವನ್ನು ಹಿಂದಿರುಗಿಸಬೇಕಾದ ಫಜೀತಿಗಿಂತ ಅದು ವಾಸಿ.

ನೆತ್ತರಿಗೆ ನೆಲ ಕೊಟ್ಟ ಕಾಲದಿಂದ ಇಲ್ಲಿಯವರೆಗೆ ಊರು ತನಗಾಗಿ ಗಾಯಗೊಂಡವರನ್ನು ಮರೆತಿಲ್ಲ. ಊರಿನ ನೀರು ಕುಡಿದೇ ಬೆನ್ನು ಬಗ್ಗಿದವರಿಗೆ, ಊರಿನ ರೇಷ್ಮೆ ಬಿಚ್ಚಿಯೇ ಕೈ ಕೆಡಿಸಿಕೊಂಡವರಿಗೆ ಊರು ಸಾಲಗಾರನೋ ಬರಿಯ ದಾನಿಯೋ ಎಂಬುದು ಇನ್ನೂ ತೀರ್ಮಾನವಾಗಬೇಕಾದ ಪ್ರಶ್ನೆ. ಅವರ ಮಾಸಾಶನ ಎಷ್ಟು ದೂರ ಹೋಗಬಲ್ಲದು ಎಂಬುದು ಅದರ ಉತ್ತರವನ್ನೇ ಅವಲಂಬಿಸಿದೆ.